ಕಾಶವ್ವನ ಜೋಗುಳ, ನನ್ನ ಹೆಲ್ಮೆಟ್ಟು

ನಮ್ಮೂರಿನಲ್ಲಿ ನಿಂತವರಿಗೆ ಹಾಡು ಕೇಳುವುದಿಲ್ಲ. ಮಾತು ಕೇಳುತ್ತದೆ, ಬೈಗುಳ ಕೇಳುತ್ತದೆ, ನಾಯಿ ಬೊಗಳಿದ್ದು, ನೆರೆಮನೆಯ ಗಂಡ ಹೆಂಡಿರ ಜಗಳ ಎಲ್ಲ ಚೆನ್ನಾಗಿಯೇ ಕೇಳುತ್ತದೆ. ಹಾಡು ಮಾತ್ರ ಮೈ ಸರಿದಾಡುತ್ತಿದ್ದರೆ ಉಂಟು, ನಿಂತರೆ ಇಲ್ಲ. ಯಾಕೆ ಎಂದು ಕೇಳಬೇಡಿ. ಸಣ್ಣವಳಿದ್ದಾಗ ನಾನೂ ನಮ್ಮಜ್ಜಿಯನ್ನು ಕೇಳಿದ್ದೆ. "ನೀರು ಯಾಕ ಕೆಳಗ ಹರೀತೈತಿ, ಅದನ್ನ ಮೊದಲ ಹೇಳು" ಎಂದು ತಲೆಗೆ ಮೊಟಕಿದ್ದಳು. ಅಲ್ಲಿಗೆ ನನ್ನ ವಿಚಾರಣೆ ಮುಗಿಯಿತು.

ಹಾಗಾಗಿ ನಮ್ಮಲ್ಲಿ ಸಂಗೀತ ಕಚೇರಿ ಎಂದರೆ ಹಾಡುವವರು ನಡುವೆ ಕೂತಿರುತ್ತಾರೆ, ಕೇಳುವವರು ಅವರನ್ನು ಸುತ್ತುತ್ತಿರುತ್ತಾರೆ. ಒಳ್ಳೆಯ ಗಾಯಕರು ಬಂದುಹೋದ ಮರುದಿನ ಊರಿಗೆ ಊರೇ ಮೊಣಕಾಲಿಗೆ ಎಣ್ಣೆ ತಿಕ್ಕಿಕೊಳ್ಳುತ್ತದೆ. ಶಾಲೆಯ ಮಕ್ಕಳು ಪ್ರಾರ್ಥನೆಯನ್ನು ಮೈದಾನ ಸುತ್ತುತ್ತ ಹೇಳುತ್ತಾರೆ. ರೇಡಿಯೊ ಇದ್ದವರ ಮನೆಯಲ್ಲಿ ಜೋಕಾಲಿಯೂ ಇರಲೇಬೇಕು. ನಡೆದರೆ ಹಾಡಿನ ಧಾಟಿ ಅಷ್ಟೇ ತಿಳಿಯುತ್ತದೆ, ಚಕ್ಕಡಿಯಲ್ಲಿ ಕೂತರೆ ಮಾತು ತಿಳಿಯುತ್ತದೆ, ಮೋಟಾರ್‌ಸೈಕಲ್ ಹತ್ತಿದರೆ ಹಾಡುವವರು ಉಸಿರೆಳೆದದ್ದು ಕೂಡ ಕೇಳುತ್ತದೆ. ಒಮ್ಮೆ ಯಾರೋ ಪುಣ್ಯಾತ್ಮರು ನಾಲ್ಕು ರಸ್ತೆ ಕೂಡುವಲ್ಲಿ ಕೆಂಪು ದೀಪ ಹಾಕಿಸಿದ್ದರು. ಹಾಡಿನ ನಡುವೆ ನಿಲ್ಲಲು ಯಾರು ಒಪ್ಪುತ್ತಾರೆ? ಈಗ ಅಲ್ಲಿ ದೊಡ್ಡದೊಂದು ದುಂಡನೆಯ ಕಟ್ಟೆ ಇದೆ. ದಾರಿ ಬಿಡುವ ತನಕ ಎಲ್ಲರೂ ಅದನ್ನು ಸುತ್ತುತ್ತಿರುತ್ತಾರೆ.

ನಾನು ಅಂಬವ್ವ. ಹಿಟ್ಟಿನ ಗಿರಣಿ ನಡೆಸುತ್ತೇನೆ. ಬೆಳಗಿನಿಂದ ನಿಂತಲ್ಲೇ ನಿಂತು ಜೋಳ ಸುರಿಯುವ ಕೆಲಸ, ಹಾಡಿನ ಸುಳಿವೇ ಇಲ್ಲ. ಅದೇ ಹಟಕ್ಕೆ ಬಗಲಿಗೆ ಒಬ್ಬರು ಕೂರುವಷ್ಟು ದೊಡ್ಡ ಗಾಲಿಯ ಡಬ್ಬಿ ಜೋಡಿಸಿದ ಹಳೆಯ ಮೋಟಾರ್‌ಸೈಕಲ್ ಕೊಂಡು, ಹಿಟ್ಟಿನ ಚೀಲಗಳನ್ನು ಡಬ್ಬಿಯಲ್ಲಿಟ್ಟು ನಾನೇ ಮನೆಮನೆಗೆ ಮುಟ್ಟಿಸತೊಡಗಿದೆ. ಹೆಂಗಸು ಹೀಗೆ ಗಾಡಿ ಹೊಡೆಯಬಹುದೇ ಎಂದು ನಾಲ್ಕು ಮಂದಿ ಮೂಗು ಮುರಿದರು. "ನಿಮಗ ಹಿಟ್ಟು ಬೇಕೋ ಬ್ಯಾಡೋ" ಎಂದೆ. ಬಾಯಿ ಮುಚ್ಚಿಕೊಂಡರು.

ಗಾಡಿಯೇನೋ ಬಂತು, ಆದರೆ ಅದರ ಹಳೆಯ ಇಂಜಿನ್ನಿನ ಸಪ್ಪಳದಲ್ಲಿ ಹಾಡು ಹಿಟ್ಟಾಗಿ ಹೋಗುತ್ತಿತ್ತು. ಆಮೇಲೆ ಗೈಬುಸಾಬರ ಅಂಗಡಿಗೆ ಹೊಸ ನಮೂನೆಯ ಹೆಲ್ಮೆಟ್ಟುಗಳು ಬಂದವು. ತಂತಿಯಿಲ್ಲ, ಗಿಂತಿಯಿಲ್ಲ. ಫೋನು ಜೇಬಿನಲ್ಲಿರುತ್ತದೆ, ಹಾಡು ಕಿವಿಯೊಳಗಿರುತ್ತದೆ. ಬಾಯಿಯ ಹತ್ತಿರ ಸಣ್ಣ ಮೈಕು ಬೇರೆ. ಮಾತಾಡಿದರೂ ಹಾಡಿದರೂ ಜೋಡಿ ಹೆಲ್ಮೆಟ್ಟಿನವರಿಗೆ ಕೇಳುತ್ತದೆ, ನಮ್ಮ ದನಿ ನಮ್ಮ ಕಿವಿಗೂ ಬರುತ್ತದೆ. ಎಡಗಿವಿಯ ಮೇಲೊಂದು ಗುಂಡಿ. ಅದನ್ನು ಒತ್ತಿದರೆ ಹೆಲ್ಮೆಟ್ಟಿನ 'ಬಾಗಿಲು' ತೆರೆಯುತ್ತದೆ ಎಂದು ಗೈಬುಸಾಬರು ಹೇಳುತ್ತಾರೆ. ಆಗ ಕೂಗಳತೆಯಲ್ಲಿ ಹೋಗುವ ಎಲ್ಲ ಹೆಲ್ಮೆಟ್ಟಿನವರಿಗೂ ನಮ್ಮ ಹಾಡು ಕೇಳುತ್ತದೆ. ಬಾಗಿಲು ಮುಚ್ಚಿಕೊಂಡು ಹಾಡು ಕೇಳುವವರನ್ನು ಕಂಡರೆ ನಮ್ಮೂರಿಗೆ ಆಗದು. ಪಂಕ್ತಿಯಲ್ಲಿ ಕೂತು ಒಬ್ಬರೇ ತುಪ್ಪ ಹಾಕಿಸಿಕೊಂಡಂತೆ ಅದು. ಹೀಗಾಗಿ ಗಾಡಿ ಚಾಲೂ ಆದೊಡನೆ ನಮ್ಮೆಲ್ಲರ ಹೆಬ್ಬೆರಳು ತಾನೇ ಗುಂಡಿಯ ಕಡೆ ಹೋಗುತ್ತದೆ. ಈ ಹೆಬ್ಬೆರಳನ್ನು ನೆನಪಿಟ್ಟುಕೊಳ್ಳಿ, ಮುಂದೆ ಇದರ ಕೆಲಸವಿದೆ.

ಇನ್ನು ನಮ್ಮ ವೈನಿಯ ಮಾತು. ವೈನಿ ಎಂದರೆ ನನ್ನ ಅಣ್ಣ ಮುರಿಗೆಪ್ಪನ ಹೆಂಡತಿ, ಕಾಶವ್ವ. ಅಣ್ಣ ಜೋಕಾಲಿ, ತೊಟ್ಟಿಲು ಮಾಡುವ ಬಡಗಿ. ವೈನಿ ತೊಟ್ಟಿಲಿನ ಮುಂದೆ ಜೋಗುಳ ಹಾಡುವವಳು. ಸೊಸೆಯಾಗಿ ಬಂದ ವರ್ಷವೇ, ಅಲ್ಲಿಯ ತನಕ ತಾನೇ ಹಾಡುತ್ತಿದ್ದ ನಮ್ಮವ್ವ ಆಕೆಯ ಕೈಗೆ ಆ ಕೆಲಸ ಕೊಟ್ಟಳು. ಮೂವತ್ತು ವರ್ಷದ ಮೇಲಾಯಿತು. ನಮ್ಮೂರಲ್ಲಿ ಮೂವತ್ತರ ಒಳಗಿನ ಯಾವ ತಲೆ ಮುಟ್ಟಿದರೂ ಅದು ವೈನಿಯ ಜೋಗುಳ ಕೇಳಿ ಮಲಗಿದ ತಲೆಯೇ.

ಆದರೆ ವೈನಿ ಹೇಗೆ ಹಾಡುತ್ತಾಳೆ ಎಂದು ನಮಗ್ಯಾರಿಗೂ ಗೊತ್ತಿಲ್ಲ. ಆಕೆಗೂ ಗೊತ್ತಿಲ್ಲ. ಹುಟ್ಟಿದ ಕೂಸು ಕೇಳುವ ಮೊದಲ ಹಾಡು ಆ ಕೂಸೊಂದರದೇ ಆಗಿರಬೇಕು, ಬೇರೆಯವರು ಕೇಳಿದರೆ ಎಂಜಲಾದಂತೆ ಎಂಬುದು ನಮ್ಮ ಕಡೆಯ ಪದ್ಧತಿ. ಆದ್ದರಿಂದ ಹೆಸರಿಡುವ ದಿನ ಕೂಸನ್ನು ತೊಟ್ಟಿಲಿಗೆ ಹಾಕಿದೊಡನೆ ಕೂಡಿದವರೆಲ್ಲ ನೆಲಕ್ಕೆ ಕಾಲೂರಿ ಗಟ್ಟಿಯಾಗಿ ನಿಂತುಬಿಡುತ್ತಾರೆ. ಸೋದರತ್ತೆಯರು ಕೂತಲ್ಲಿಂದ ಹಗ್ಗ ಎಳೆದು ತೂಗುತ್ತಾರೆ. ಬರೀ ಕೈ ಆಡಿದರೆ ಹಾಡು ಕೇಳುವುದಿಲ್ಲ, ಇಡೀ ಮೈ ಹೋಗಬೇಕು. ಓಣಿಯಲ್ಲಿ ಹಾದುಹೋಗುವವರು ಕೂಡ ಇದ್ದಲ್ಲೇ ನಿಲ್ಲುತ್ತಾರೆ. ವೈನಿ ತೊಟ್ಟಿಲ ಕಾಲ ಬಳಿ ಕಂಬದ ಹಾಗೆ ನಿಂತು ಬಾಯಿ ಆಡಿಸುತ್ತಾಳೆ. ನಮಗೆ ಕಾಣುವುದು ತುಟಿ ಮಾತ್ರ. ತೂಗುವ ತೊಟ್ಟಿಲಲ್ಲಿರುವ ಕೂಸಿಗೆ ಕೇಳುತ್ತದೆ. ಕೇಳಿದವರಿಗೆ ನೆನಪಿಲ್ಲ, ನೆನಪಿರುವವರು ಕೇಳಿಲ್ಲ. ಹಾಗಾದರೆ ನಡೆಯುತ್ತ ಒಂದು ಸಾಲು ಗುನುಗಿಕೊಳ್ಳಬಹುದಲ್ಲ ಎನ್ನುತ್ತೀರಾ? ತೊಟ್ಟಿಲಿಲ್ಲದೆ ಜೋಗುಳ ಹಾಡಬಾರದು, ಖಾಲಿ ತೊಟ್ಟಿಲು ತೂಗಿದಷ್ಟೇ ಕೆಟ್ಟದ್ದು. ಬೇರೆ ಹಾಡು ವೈನಿಗೆ ಬರುವುದಿಲ್ಲ. ಹಾಡು ಮುಗಿದೊಡನೆ ಆಕೆ ತೊಟ್ಟಿಲಿಗೆ ಬಾಗಿ, "ಹೆಂಗ ಹಾಡಿದ್ನವ್ವಾ?" ಎಂದೋ "ಹೆಂಗ ಹಾಡಿದ್ನಪ್ಪಾ?" ಎಂದೋ ಮೆಲ್ಲಗೆ ಕೇಳುತ್ತಾಳೆ. ಕೂಸು ನಿದ್ದೆ ಹೋಗಿರುತ್ತದೆ. ಅದೇ ಆಕೆಗೆ ಉತ್ತರ. ಮೂವತ್ತು ವರ್ಷ ಆಕೆ ಆ ಉತ್ತರದ ಮೇಲೆಯೇ ಬದುಕಿದ್ದಳು.

ಕಳೆದ ಬೇಸಿಗೆಯಲ್ಲಿ ಕೆಟ್ಟದ್ದೊಂದು ಶುರುವಾಯಿತು. ಮೊದಲು ಅಕ್ಕಸಾಲಿಗರ ಮನೆಯ ಕೂಸು ಜೋಗುಳದ ನಡುವೆ ಕಿಟಾರನೆ ಕಿರುಚಿತು. ಹೊಟ್ಟೆನೋವಿರಬೇಕು ಎಂದೆವು. ಆಮೇಲೆ ಮೇಷ್ಟ್ರ ಮೊಮ್ಮಗ ಅತ್ತ. ಮೂರನೆಯದಾಗಿ ಪಾಟೀಲರ ಮನೆಯಲ್ಲಿ, ಬೀಗರು ಬಿಜ್ಜರು ತುಂಬಿದ್ದಾಗ, ಸೋದರತ್ತೆಯರು ಫೋನು ಹಿಡಿದು ಫೋಟೋ ತೆಗೆಯುವ ಸಂಭ್ರಮದಲ್ಲಿದ್ದಾಗ, ಕೂಸು ಮುಷ್ಟಿ ಬಿಗಿದು, ಮುಖ ಕೆಂಪಗೆ ಮಾಡಿಕೊಂಡು ಅತ್ತ ಅಳುವಿಗೆ ಮಾಳಿಗೆಯ ಮೇಲಿನ ಪಾರಿವಾಳಗಳು ಎದ್ದವು. ಊಟದ ಪಂಕ್ತಿಯಲ್ಲಿ ಯಾರೋ ಒಬ್ಬಳು, "ಕಾಶವ್ವಗ ವಯಸ್ಸಾತು, ದನಿ ಒಡದಿರಬೇಕು" ಎಂದಳಂತೆ. ಅಂತಹ ಮಾತಿಗೆ ಕಾಲು ಬರುವುದು ಬೇಗ. ಸಂಜೆಯೊಳಗೆ ವೈನಿಯ ಕಿವಿ ಮುಟ್ಟಿತ್ತು.

ಮರುದಿನ ವೈನಿ ಜೋಳದ ಡಬ್ಬಿ ಹಿಡಿದು ಗಿರಣಿಗೆ ಬಂದಳು. ಮಗಳು ಇಂದುಮತಿ ಹೆರಿಗೆಗೆ ಬಂದು, ಹೆಣ್ಣು ಹೆತ್ತು ಒಳಗಿನ ಕೋಣೆಯಲ್ಲಿದ್ದ ದಿನಗಳು ಅವು. ಸೋಮವಾರ ಕೂಸಿಗೆ ಹೆಸರಿಡುವುದಿತ್ತು. ಮೊದಲ ಮೊಮ್ಮಗಳು.

"ಅಂಬೂ, ಇಂದೂನ ಕೂಸಿಗೆ ಜೋಗುಳಕ್ಕ ಬ್ಯಾರೇದವರನ್ನ ಕರಿಯೂಣು" ಎಂದಳು.

"ಯಾಕ್ರೀ ವೈನಿ, ನಿಮ್ಮ ಬಾಯಿಗೆ ಏನಾಗೈತಿ?"

"ದನಿ ಹೋಗೈತಿ."

"ಯಾರಂದ್ರು?"

"ಕೂಸುಗೋಳಂದ್ವು. ದೊಡ್ಡವರು ಸುಳ್ಳ ಹೇಳ್ಯಾರು. ಮೂರು ಕೂಸು ಸುಳ್ಳ ಹೇಳ್ತಾವೇನು?"

ಗಿರಣಿಯ ಬೆಲ್ಟು ತಿರುಗುತ್ತಿತ್ತು, ಹಿಟ್ಟು ಬೀಳುತ್ತಿತ್ತು. ವೈನಿ ಸೆರಗಿನಿಂದ ಮೂಗು ಒರೆಸಿಕೊಂಡಳು.

"ಕುಣಿಲಾರದಾಕಿ ನೆಲ ಡೊಂಕು ಅಂದ್ಲಂತ. ನಾ ಅಂಥಾಕಿ ಅಲ್ಲ. ನನ್ನ ದನಿ ಡೊಂಕಾಗಿದ್ರ ಹೌದವ್ವಾ ಡೊಂಕಾಗೈತಿ ಅಂತ ಒಪ್ಪಿಕೋತೀನಿ. ಆದರ ಆಗೈತೋ ಇಲ್ಲೋ ನನಗ ಹೆಂಗ ತಿಳೀಬೇಕು? ಸ್ವಂತ ಮೊಮ್ಮಗಳು ನನ್ನ ಹಾಡು ಕೇಳಿ ಚಿಟ್ಟನೆ ಚೀರಿದರ ನಾ ಆ ಮನ್ಯಾಗ ಹೆಂಗ ತಲಿ ಎತ್ತಿ ಅಡ್ಡಾಡ್ಲಿ?"

ನನಗೆ ನಿಜವಾಗಿ ಸಂಕಟವಾಯಿತು. ನಾನು ಬಾಯಿಬಡುಕಿ, ವೈನಿಯನ್ನು ಛೇಡಿಸುವುದೇ ನನ್ನ ಕಸುಬು. ಆದರೆ ಆಕೆ ಹೀಗೆ ಕಣ್ಣಲ್ಲಿ ನೀರು ತಂದುಕೊಂಡು ನಿಂತದ್ದನ್ನು ನೋಡಲು ನನ್ನಿಂದ ಆಗಲಿಲ್ಲ. ಗಿರಣಿ ಬಂದ್ ಮಾಡಿದೆ. ಗೂಟಕ್ಕೆ ನೇತುಹಾಕಿದ್ದ ಹೆಲ್ಮೆಟ್ಟು ಕಣ್ಣಿಗೆ ಬಿತ್ತು.

"ಇದನ್ನ ಹಾಕ್ಕೊಂಡು ಗಾಡಿ ಮ್ಯಾಲ ಹಾಡ್ರಿ. ನಿಮ್ಮ ದನಿ ನಿಮ್ಮ ಕಿವಿಗೆ ಬರತೈತಿ" ಎಂದೆ.

"ತೊಟ್ಟಿಲಿಲ್ಲದ ಜೋಗುಳ ಹಾಡಬಾರದು."

"ತೊಟ್ಟಿಲಾ ಒಯ್ಯೂಣು. ಬಗಲ ಡಬ್ಬಿ ಐತಲ್ಲ."

"ಕೂಸಿಲ್ಲದ ತೊಟ್ಟಿಲಾ ತೂಗಬಾರದು."

ಇದಕ್ಕೆ ನಾನು ತುಸು ಹೊತ್ತು ತಲೆ ಕೆರೆದುಕೊಂಡೆ. ಆಮೇಲೆ ಹೊಳೆಯಿತು. ಹೆಸರಿಡುವ ದಿನ ನಾವು ರುಬ್ಬುವ ಗುಂಡುಕಲ್ಲಿಗೆ ಕುಂಚಿಗೆ ಕಟ್ಟಿ, ಕಾಡಿಗೆ ಹಚ್ಚಿ, ಕೂಸಿಗಿಂತ ಮೊದಲು ತೊಟ್ಟಿಲಲ್ಲಿ ಮಲಗಿಸುತ್ತೇವೆ. ಕೂಸಿಗೆ ಕಲ್ಲಿನಂಥ ಆಯುಷ್ಯ ಬರಲಿ ಎಂದು. ಅದಕ್ಕೆ ಗುಂಡಪ್ಪ ಎನ್ನುತ್ತೇವೆ, ಮುತ್ತು ಕೂಡ ಕೊಡುತ್ತೇವೆ.

"ಗುಂಡಪ್ಪ ಕೂಸು ಹೌದೋ ಅಲ್ಲೋ?" ಎಂದೆ.

ವೈನಿ ಬಹಳ ಹೊತ್ತು ಯೋಚಿಸಿದಳು. ಹೌದು ಎನ್ನದೆ ವಿಧಿಯಿರಲಿಲ್ಲ. ಅಲ್ಲ ಎಂದರೆ ನಾವು ತಲೆತಲಾಂತರದಿಂದ ಕಲ್ಲಿಗೆ ಮುತ್ತಿಟ್ಟವರಾಗುತ್ತಿದ್ದೆವು.

"ಆದರ ಯಾರಿಗೂ ಕೇಳಬಾರದು. ನೀನೂ ನಾನೂ ಅಷ್ಟ. ಆಣಿ ಹಾಕು" ಎಂದಳು. ಹಾಕಿದೆ.

ತೊಟ್ಟಿಲನ್ನು ಡಬ್ಬಿಗೆ ಕೂರಿಸಲು ಅಣ್ಣ ಬೇಕಾಯಿತು. ಅಣ್ಣನಿಗೆ ಮೋಟಾರ್‌ಸೈಕಲ್ ಕಂಡರೆ ಆಗದು. ಅವು ಬಂದಮೇಲೆ ಜೋಕಾಲಿ ಕೊಳ್ಳುವವರು ಕಡಿಮೆಯಾದರು ಎಂಬ ಸಿಟ್ಟು. ನಾವು ಹೇಳಿದ್ದನ್ನು ಕೇಳಿ, ಕಿವಿಯ ಮೇಲಿನ ಪೆನ್ಸಿಲು ತೆಗೆದು ನಮ್ಮಿಬ್ಬರನ್ನೂ ನೋಡಿದ. "ಕೂಸು ಹುಟ್ಟೂಕ್ಕಿಂತ ಮೊದಲ ಕುಲಾಯಿ ಹೊಲೀತಾರಂತ ಕೇಳಿದ್ದೆ. ಕಲ್ಲಿಗೆ ತೊಟ್ಟಿಲಗಾಡಿ ಕಟ್ಟಿದವರನ್ನ ನೋಡಿದ್ದು ಇವತ್ತ" ಎಂದ. ಬೈಯುತ್ತಲೇ ಡಬ್ಬಿಯ ಮೇಲೆ ಬಿದಿರಿನ ಕಮಾನು ಬಗ್ಗಿಸಿ, ಮೊರದಷ್ಟಗಲದ ತೊಟ್ಟಿಲು ತೂಗುಹಾಕಿದ. ಕೆಲಸ ಮುಗಿದ ಮೇಲೆ, "ತಿರುವಿನ್ಯಾಗ ತೊಟ್ಟಿಲಾ ಹೊರಗ ಹಾರೀತು. ಹಿಡಕೊಳ್ಳಾಕ ನಾನೂ ಬರ್ತೀನಿ" ಎಂದು ಮುಖ ತಿರುಗಿಸಿಕೊಂಡು ಹೇಳಿದ. ಮೂವತ್ತು ವರ್ಷ ಸಂಸಾರ ಮಾಡಿದ ಮನುಷ್ಯ, ಹೆಂಡತಿಯ ಹಾಡನ್ನು ಒಮ್ಮೆಯೂ ಕೇಳದವನು. ಬರಬೇಡ ಎನ್ನಲು ನನಗೂ ಬಾಯಿ ಬರಲಿಲ್ಲ, ವೈನಿಗೂ ಬರಲಿಲ್ಲ. ಗೈಬುಸಾಬರ ಅಂಗಡಿಯಿಂದ ಇನ್ನೆರಡು ಹೆಲ್ಮೆಟ್ಟು ಬಾಡಿಗೆಗೆ ತಂದೆ.

ಶನಿವಾರ ಮಧ್ಯಾಹ್ನ ಊರು ಉಂಡು ಮಲಗಿದ ಹೊತ್ತು ನೋಡಿ ಹೊರಟೆವು. ಡಬ್ಬಿಯಲ್ಲಿ ಮೊಣಕಾಲು ಗದ್ದಕ್ಕೆ ತಾಗುವಂತೆ ಮುದುಡಿ ಕೂತ ಅಣ್ಣ, ಅವನ ಮುಂದೆ ತೊಟ್ಟಿಲಲ್ಲಿ ಕುಂಚಿಗೆ ಕಟ್ಟಿಕೊಂಡ ಗುಂಡಪ್ಪ, ನನ್ನ ಹಿಂದೆ ಒಂದೇ ಬದಿಗೆ ಕಾಲು ಹಾಕಿ ಕೂತ ವೈನಿ. ಆಕೆಯ ಅಂಬಡೆ ತುರುಬಿನಿಂದಾಗಿ ಹೆಲ್ಮೆಟ್ಟು ತಲೆಗೆ ಇಳಿಯಲೊಲ್ಲದು, ಕೂದಲು ಬಿಚ್ಚಿ ಜಡೆ ಹೆಣೆಯಬೇಕಾಯಿತು. ಆಕೆಯ ಎದುರಿಗೇ ನಾನು ಗುಂಡಿ ಒತ್ತಿ ಹೆಲ್ಮೆಟ್ಟಿನ ಬಾಗಿಲು ಮುಚ್ಚಿ ತೋರಿಸಿದೆ. ಗಾಡಿಗೆ ಒದ್ದೆ. ಗಾಡಿ ಚಾಲೂ ಆಯಿತು. ಓಣಿ ದಾಟಿದೆವು.

ಹೆಬ್ಬೆರಳನ್ನು ನೆನಪಿಟ್ಟುಕೊಳ್ಳಿ ಎಂದಿದ್ದೆನಲ್ಲ. ಓಣಿಯ ತಿರುವಿನಲ್ಲಿ ಅದು ತನ್ನಷ್ಟಕ್ಕೆ ಹೋಗಿ ಗುಂಡಿ ಒತ್ತಿತ್ತು. ದೇವರಾಣೆಗೂ ನನ್ನ ಅರಿವಿಗೆ ಬರಲಿಲ್ಲ. ಎದುರಿಗೆ ಬಂದವರಿಗೆ ಕೈ ಮುಗಿದದ್ದು ನಿಮ್ಮ ಅರಿವಿಗೆ ಬರುತ್ತದೆಯೇ?

ಕೆರೆಯ ಏರಿ ಬಂತು. ಏರಿಯ ಮೇಲೆ ಗಾಳಿ ತಂಪಾಗಿತ್ತು, ನೀರು ಫಳಫಳ ಹೊಳೆಯುತ್ತಿತ್ತು. "ಹಾಡ್ರಿ ವೈನಿ" ಎಂದೆ. ಆಕೆ ಗಂಟಲು ಸರಿಮಾಡಿಕೊಂಡಳು. ಒಂದು ಸಾಲು ಹಾಡಿ ತಟ್ಟನೆ ನಿಲ್ಲಿಸಿ ನನ್ನ ಭುಜ ಹಿಡಿದುಕೊಂಡಳು.

"ಅಂಬೂ, ಯಾರೋ ಹಾಡಾಕತ್ತಾರ."

"ಯಾರೂ ಅಲ್ರೀ. ನೀವ."

ಹೆಲ್ಮೆಟ್ಟಿನಲ್ಲಿ ಆಕೆಯ ಉಸಿರು ಕೇಳುತ್ತಿತ್ತು. ಆಮೇಲೆ ವೈನಿ ಮತ್ತೆ ಮೊದಲಿನಿಂದ ಎತ್ತಿಕೊಂಡಳು.

ಎದ್ದಾವ ಹಕ್ಕಿ, ನೀ ಮಲಗ ನನ ಕಂದಾ, ಗದ್ದಲದ ಲೋಕ ಹೊರಗಿರಲಿ, ತೊಟ್ಟಿಲದ ಉದ್ದಗಲ ನಿಂದ ಅರಮನಿ.

ಹೇಗಿತ್ತು ಎಂದು ಹೇಳಲಿ? ಅದೇನು ಸಂಗೀತಗಾರರ ದನಿಯಲ್ಲ. ತುಸು ಒರಟು, ಅಲ್ಲಲ್ಲಿ ಗೊಗ್ಗರು. ಆದರೆ ಬೆಚ್ಚಗಿತ್ತು, ಆಗಷ್ಟೇ ಗಿರಣಿಯಿಂದ ಇಳಿದ ಹಿಟ್ಟಿನಲ್ಲಿ ಕೈ ಇಟ್ಟ ಹಾಗೆ. ನನಗೆ ನಗುವೂ ಬಂತು, ಅಳುವೂ ಬಂತು. ಡಬ್ಬಿಯ ಕಡೆ ನೋಡಿದೆ. ಅಣ್ಣ ಒಂದು ಕೈಯಲ್ಲಿ ತೊಟ್ಟಿಲು ಹಿಡಿದು, ಇನ್ನೊಂದರಲ್ಲಿ ಹೆಲ್ಮೆಟ್ಟನ್ನು ಕಿವಿಗೆ ಒತ್ತಿಕೊಂಡು, ಕಲ್ಲಿನ ಮುಖವನ್ನೇ ನೋಡುತ್ತಿದ್ದ. ಗಲ್ಲದ ಮೇಲೆ ನೀರು ಹರಿದು ಮೀಸೆಗೆ ಇಳಿದಿತ್ತು. ಒರೆಸಿಕೊಳ್ಳಲು ಕೈ ಖಾಲಿ ಇರಲಿಲ್ಲ.

ಅಷ್ಟರಲ್ಲಿ ಏರಿಯ ಆಚೆಯ ಹಳ್ಳಿಗಳಿಂದ ಹಾಲು ತರುವ ನಮ್ಮೂರ ಹುಡುಗರು ಎರಡೂ ಬದಿಗೆ ಕ್ಯಾನು ಕಟ್ಟಿಕೊಂಡು ನಮ್ಮ ಹಿಂದೆ ಬಂದು ಸೇರಿದ್ದರು. ದಿನಾ ಬುರ್ರನೆ ದಾಟಿಹೋಗುವ ಪುಂಡರು ಇವತ್ತು ಯಾಕೆ ದಾಟುತ್ತಿಲ್ಲ ಎಂದು ನಾನು ಕನ್ನಡಿಯಲ್ಲಿ ನೋಡಿದೆ. ಎಲ್ಲರಿಗಿಂತ ಮುಂದೆ ಫಕ್ಕೀರೇಶ, ಊರಿಗೆಲ್ಲ ಹಾಲು ಹಾಕುವ ದಾಂಡಿಗ. ಅವನ ತಲೆ ಎಡಕ್ಕೆ ವಾಲಿತ್ತು. ಗಾಡಿ ನಿಧಾನವಾಯಿತು, ನಿಧಾನವಾದಂತೆ ಹಾಡು ತಗ್ಗಿರಬೇಕು, ಬೆಚ್ಚಿ ಎದ್ದು ಜೋರು ಮಾಡಿದ. ಜೋರಾದಂತೆ ಹಾಡು ಕೇಳಿತು, ತಲೆ ಮತ್ತೆ ವಾಲಿತು. ಅವನ ಹಿಂದಿನವರದೂ ಅದೇ ಕತೆ. ಇಡೀ ಸಾಲು ಒಮ್ಮೆ ತೂಕಡಿಸುತ್ತಿತ್ತು, ಒಮ್ಮೆ ಎಚ್ಚರಾಗುತ್ತಿತ್ತು. ಒಬ್ಬ ಬಾಯಲ್ಲಿ ಹೆಬ್ಬೆರಳು ಹಾಕಲು ಹೋಗಿ ಹೆಲ್ಮೆಟ್ಟಿಗೆ ಗುದ್ದಿಕೊಂಡ. ಎಲ್ಲ ಮೂವತ್ತರ ಒಳಗಿನವರು, ವೈನಿ ಮಲಗಿಸಿದ ಕೂಸುಗಳು. ತಲೆ ಮರೆತಿದ್ದರೂ ಮೈ ಮರೆತಿರಲಿಲ್ಲ.

ನನ್ನ ಕೈ ಗುಂಡಿಗೆ ಹೋಯಿತು. ಬಾಗಿಲು ಹಾರುಹೊಡೆದಿತ್ತು. ಮುಚ್ಚೋಣ ಎನ್ನುವಷ್ಟರಲ್ಲಿ ಏರಿಯ ಕೊನೆಯಲ್ಲಿ ನಿಂತಿದ್ದ ಪೊಲೀಸ್ ಬರಮಪ್ಪ ಎರಡೂ ಕೈ ಎತ್ತಿ ರಸ್ತೆಗೆ ಅಡ್ಡ ಬಂದ. ಅವನೂ ಮೂವತ್ತರ ಒಳಗಿನ ಹುಡುಗನೇ, ಆದರೆ ನೆಲದ ಮೇಲೆ ನಿಂತಿದ್ದನಲ್ಲ, ಅವನಿಗೆ ಹಾಡೂ ಕೇಳಿರಲಿಲ್ಲ, ನಿದ್ದೆಯೂ ಬಂದಿರಲಿಲ್ಲ. ನಾನು ಬ್ರೇಕು ಹಾಕಿದೆ. ಹಿಂದಿನವರೂ ಹಾಕಿದರು. ಆ ಹೊತ್ತಿಗೆ ವೈನಿ 'ಗದ್ದಲದ ಲೋಕ ಹೊರಗಿರಲಿ, ತೊಟ್ಟಿಲದ' ಎಂಬಲ್ಲಿದ್ದಳು.

"ಅಂಬಕ್ಕಾ, ನಿಮ್ಮ ಹಿಂದ ನೋಡ್ರಿ. ಇವರೇನ ಕುಡದು ಬಂದಾರೋ ಹೆಂಗ?" ಎಂದ ಬರಮಪ್ಪ.

ಅವನ ಮಾತು ಮುಗಿಯಲಿಲ್ಲ. ಹಿಂದೆ ಯಾರೋ ಬಿಕ್ಕಿದರು. ತಿರುಗಿ ನೋಡಿದರೆ ಹೆಲ್ಮೆಟ್ಟು ಕಿತ್ತು ಹಿಡಿದ ಫಕ್ಕೀರೇಶ. ಕೆಳತುಟಿ ಹೊರಗೆ ಚಾಚಿ, ಗದ್ದ ನಡುಗಿಸಿ, ಮುಷ್ಟಿ ಬಿಗಿದು, ಆರಡಿ ಎತ್ತರದ ಗಂಡಸು ಹೋ ಎಂದು ಅತ್ತುಬಿಟ್ಟ. ಅವನು ಶುರುಮಾಡಿದ್ದೇ ತಡ, ಸಾಲಿಗೆ ಸಾಲೇ ರಾಗ ಎಳೆಯಿತು. ಏರಿಯ ಮೇಲಿನ ಕೊಕ್ಕರೆಗಳು ಹಾರಿಹೋದವು.

"ಯಾಕ ಅಳಾಕತ್ತೀರೋ?" ಬರಮಪ್ಪ ಗಾಬರಿಯಾಗಿ ಕೇಳಿದ.

"ನಿಂತತು" ಎಂದ ಫಕ್ಕೀರೇಶ, ಬಿಕ್ಕುತ್ತ. "ತೊಟ್ಟಿಲದ ಅಂದು ನಿಂತತು. ಮುಂದಿಂದು ಏನು?"

ನಾನು ವೈನಿಯ ಕಡೆ ನೋಡಲು ಹೆದರಿದೆ. ಆಣೆ ಹಾಕಿದ್ದೆ, ಈಗ ಇಡೀ ಹಾಲಿನವರ ದಂಡು ಆಕೆಯ ಜೋಗುಳ ಕೇಳಿ ಕೂತಿತ್ತು. ಆದರೆ ವೈನಿಯ ಧ್ಯಾನ ನನ್ನ ಮೇಲೆ ಇರಲೇ ಇಲ್ಲ. ಆಕೆ ಗಾಡಿ ಇಳಿದು, ಹೆಲ್ಮೆಟ್ಟು ತೆಗೆದು, ನೆಟ್ಟಗೆ ಫಕ್ಕೀರೇಶನ ಮುಂದೆ ಹೋಗಿ ನಿಂತು ಅವನ ಮುಖವನ್ನೇ ನೋಡಿದಳು. ಗದ್ದ ಹಿಡಿದು ಅತ್ತಿತ್ತ ತಿರುಗಿಸಿದಳು. ಅವನು ಚಿಕ್ಕ ಕೂಸಿನ ಹಾಗೆ ತಿರುಗಿಸಿಕೊಂಡ.

"ಇದ ಅಳು" ಎಂದಳು. "ಪಾಟೀಲರ ಕೂಸು ಅತ್ತದ್ದು ಹಿಂಗ. ಹಿಂಗ ತುಟಿ ಮಾಡಿತ್ತು, ಹಿಂಗ ಮುಷ್ಟಿ ಹಿಡದಿತ್ತು. ಅಂಬೂ, ಆ ಕೂಸಿನ ತೊಟ್ಟಿಲಾ ಯಾರು ತೂಗಿದ್ರು?"

"ಅದರ ಸೋದರತ್ತೇರು."

"ಫೋಟೋ ತಗೋವಾಗ?"

ನನಗೆ ನೆನಪಾಯಿತು. ಫೋಟೋ ಅಲುಗಬಾರದು ಎಂದು ಅವರು ತೊಟ್ಟಿಲು ಹಿಡಿದು ನಿಲ್ಲಿಸಿದ್ದರು. ಅಕ್ಕಸಾಲಿಗರ ಮನೆಯಲ್ಲೂ ಹಾಗೆಯೇ, ಮೇಷ್ಟ್ರ ಮನೆಯಲ್ಲೂ ಹಾಗೆಯೇ. ತೊಟ್ಟಿಲು ನಿಂತಿತು, ಹಾಡು ನಿಂತಿತು, ಕೂಸು ಅತ್ತಿತು. ಇದು ನಮ್ಮ ಕಣ್ಣೆದುರಿಗೇ ನಡೆದಿತ್ತು. ಹುಟ್ಟಿದಾಗಿನಿಂದ ನಿಂತರೆ ಹಾಡಿಲ್ಲ ಎಂದು ತಿಳಿದ ಊರು, ಫೋನಿಗೆ ಹಲ್ಲು ಕಿರಿಯುವ ಭರದಲ್ಲಿ ಅದೊಂದನ್ನೇ ಮರೆತು, ಹಾಡಿದವಳ ಗಂಟಲಿಗೆ ದೋಷ ಕಟ್ಟಿತ್ತು.

"ನನ್ನ ದನಿಗೆ ಅತ್ತಿದ್ದಲ್ಲ ಅವು" ಎಂದಳು ವೈನಿ. "ದನಿ ನಿಂತದ್ದಕ್ಕ ಅತ್ತಿದ್ದು." ಹೇಳಿ, ಏರಿಯ ಕಲ್ಲಿನ ಮೇಲೆ ಕೂತು, ಸೆರಗು ಬಾಯಿಗಿಟ್ಟುಕೊಂಡು ನಕ್ಕಳು ನೋಡಿ, ಹೊಟ್ಟೆ ಹಿಡಿದುಕೊಂಡು ನಕ್ಕಳು. ಆಕೆ ನಕ್ಕದ್ದನ್ನು ಕಂಡು ನಾನೂ ನಕ್ಕೆ. ಡಬ್ಬಿಯೊಳಗೆ ಸಿಕ್ಕಿಹಾಕಿಕೊಂಡ ಅಣ್ಣನೂ ನಕ್ಕ. ಹಾಲಿನವರು ಮಾತ್ರ ಅಳು ನಿಲ್ಲಿಸಿರಲಿಲ್ಲ.

"ನಗೋದು ಆಮ್ಯಾಲ. ಮೊದಲ ಇವರನ್ನ ಸುಮ್ಮನ ಮಾಡ್ರಿ" ಎಂದ ಬರಮಪ್ಪ. ಹಾಡು ಪೂರ್ತಿಯಾಗದೆ ಅವರು ಸುಮ್ಮನಾಗುವ ಹಾಗಿರಲಿಲ್ಲ. ಗಾಡಿ ಮೇಲೆ ಕೇಳಿದರೆ ನಿದ್ದೆಯಲ್ಲಿ ಕೆರೆಗೆ ಬೀಳುತ್ತಿದ್ದರು. ಆ ಹೊತ್ತಿಗೆ ನಮ್ಮ ಪುಣ್ಯಕ್ಕೆ ಮುದುಕ ದ್ಯಾಮಣ್ಣ ಖಾಲಿ ಟ್ರಾಲಿಯ ಟ್ರಾಕ್ಟರು ತಂದ. ಅವನು ನಮ್ಮವ್ವನ ಕಾಲದವನು, ವೈನಿಯ ಹಾಡು ಅವನನ್ನು ಏನೂ ಮಾಡದು. ಬರಮಪ್ಪ ಎಲ್ಲರನ್ನೂ ಟ್ರಾಲಿಗೆ ಹತ್ತಿಸಿದ, ಮೋಟಾರ್‌ಸೈಕಲ್‌ಗಳು ಏರಿಯ ಮೇಲೆ ಸಾಲಾಗಿ ನಿಂತವು. ಶಿಸ್ತು ಕಾಯಲು ತಾನೂ ಒಂದು ಹೆಲ್ಮೆಟ್ಟು ಇಸಿದುಕೊಂಡು ಹತ್ತಿದ. ಟ್ರಾಕ್ಟರು ಹೊರಟಿತು, ಪಕ್ಕದಲ್ಲಿ ನಾವು ಹೊರಟೆವು. ಈ ಸಲ ವೈನಿ ಕೇಳಿದ್ದು ಒಂದೇ ಮಾತು. "ಗುಂಡಪ್ಪ ತೊಟ್ಟಿಲದಾಗ ಅದಾನಲ್ಲ?"

"ಅದಾನ" ಎಂದ ಅಣ್ಣ.

"ಅವಂಗ ಹಾಡತೀನಿ. ಉಳಿದವರು ಕೇಳಿದ್ರ ಅವರ ಪುಣ್ಯ."

ಹೆದರದೆ, ನಾಚದೆ, ತನ್ನ ದನಿ ತಾನೇ ಕೇಳುತ್ತ ವೈನಿ ಹಾಡಿದಳು. 'ಉದ್ದಗಲ ನಿಂದ ಅರಮನಿ' ಎಂಬಲ್ಲಿಗೆ ಬಂದಾಗ ಟ್ರಾಲಿಯಲ್ಲಿ ಅಳು ನಿಂತಿತ್ತು. ಬರಮಪ್ಪ ಎಲ್ಲರಿಗಿಂತ ಮೊದಲು ಮಲಗಿದ, ಸೀಟಿ ಬಾಯಲ್ಲೇ ಇತ್ತು, ಉಸಿರು ಬಿಟ್ಟಾಗೊಮ್ಮೆ ಪೀ ಎನ್ನುತ್ತಿತ್ತು. ಚಿಂತೆಯಿಲ್ಲದವನಿಗೆ ಸಂತೆಯಲ್ಲೂ ನಿದ್ದೆ ಎನ್ನುತ್ತಾರೆ. ಅಷ್ಟರಲ್ಲಿ ಕೂಡಿದ್ದ ಸಂಜೆ ಸಂತೆಯ ನಡುವೆಯೇ ಆ ಟ್ರಾಲಿ ಹಾದುಹೋಯಿತು, ಒಬ್ಬನೂ ಏಳಲಿಲ್ಲ. ಆ ಸಂಜೆ ಊರಿಗೆ ಊರೇ ಕರಿ ಚಹಾ ಕುಡಿಯಿತು. ಯಾರೂ ಬೈಯಲಿಲ್ಲ.

ಸೋಮವಾರ ಬಂತು. ಅಣ್ಣ ಎರಡು ದಿನ ಕೂತು ಹೊಸ ತೊಟ್ಟಿಲು ಕೆತ್ತಿದ್ದ. ಹಗ್ಗ ಕಟ್ಟಿದವನೇ ಬೀಗರ ಹೆಣ್ಣುಮಕ್ಕಳ ಎದುರು ಸೆಟೆದು ನಿಂತು, "ಫೋಟೋ ಏನಿದ್ರೂ ಊಟ ಆದಮ್ಯಾಲ. ತೂಗೂ ಕೈ ನಿಂತ್ರ ಹೋಳಿಗಿ ಇಲ್ಲ" ಎಂದ. ಬೀಗರಿಗೆ ಹೀಗೆಲ್ಲ ಹೇಳಬಾರದು. ಆದರೆ ಹೋಳಿಗೆಯ ವಾಸನೆ ಆಗಲೇ ಮನೆ ತುಂಬಿತ್ತು, ಫೋನುಗಳು ಸೊಂಟ ಸೇರಿದವು.

ಗುಂಡಪ್ಪನನ್ನು ಮಲಗಿಸಿ ಎತ್ತಿದರು. ಇಂದುಮತಿ ಕೂಸನ್ನು ತಂದು ತೊಟ್ಟಿಲಿಗೆ ಹಾಕಿದಳು. ಕಣ್ಣು ಪಿಳಿಪಿಳಿ ಬಿಡುತ್ತಿತ್ತು. ವೈನಿ ಹಸಿರು ಇಳಕಲ್ಲು ಸೀರೆಯುಟ್ಟು ತೊಟ್ಟಿಲ ಕಾಲ ಬಳಿ ನಿಂತಳು. ತೂಗುವುದು ಶುರುವಾಯಿತು.

ನಾನು ಕಿಟಕಿಯಿಂದ ಓಣಿಯ ಕಡೆ ನೋಡಿದೆ. ನನಗೆ ಅದೇ ಚಿಂತೆಯಿತ್ತು. ವೈನಿಯ ದನಿಯ ರುಚಿ ಈಗ ಊರಿಗೆ ಹತ್ತಿತ್ತು. ಗಾಡಿ ಹತ್ತಿ ಒಂದು ಸಲ ಓಣಿ ಸುತ್ತಿದರೆ ಸಾಕು, ಹಾಡು ಪುಕ್ಕಟೆ. ಯಾರು ತಡೆಯುತ್ತಾರೆ? ಹೊರಗೆ ನೋಡಿದರೆ ಓಣಿಯ ಈ ಬಾಯಿಂದ ಆ ಬಾಯಿಯವರೆಗೆ ಮೋಟಾರ್‌ಸೈಕಲ್‌ಗಳು ನಿಂತಿದ್ದವು. ಎಲ್ಲ ಇಂಜಿನ್ನೂ ಬಂದ್. ಫಕ್ಕೀರೇಶ ಹೆಲ್ಮೆಟ್ಟು ತೆಗೆದು ಎದೆಗೆ ಹಿಡಿದು, ನೆಲಕ್ಕೆ ಎರಡೂ ಕಾಲೂರಿ ನಿಂತಿದ್ದ. ಬರಮಪ್ಪ ನಿಂತಿದ್ದ. ಆಚೆ ಚಹಾದಂಗಡಿಯ ಮುಂದಿನ ಜೋಕಾಲಿ ಹಗ್ಗ ಬಿಗಿದು ನಿಂತಿತ್ತು. ದಿನವಿಡೀ ಗಿರಗಿರ ತಿರುಗುವ ನಮ್ಮೂರು, ಒಂದು ಗೇಣು ಎತ್ತರದ ಕೂಸು ತನ್ನ ಪಾಲಿನ ಹಾಡು ಕೇಳಲಿ ಎಂದು ಕಾಲು ಕಟ್ಟಿದಂತೆ ನಿಂತಿತ್ತು. ಹಾಡಿನ ರುಚಿ ಗೊತ್ತಿಲ್ಲದೆ ನಿಲ್ಲುವುದು ಸುಲಭ. ಗೊತ್ತಿದ್ದೂ ನಿಂತರಲ್ಲ, ನನಗೆ ನಮ್ಮೂರಿನ ಮೇಲೆ ಬಹಳ ಪ್ರೀತಿ ಬಂತು.

ಒಳಗೆ ಅಣ್ಣ ಬಾಗಿಲ ಚೌಕಟ್ಟನ್ನು ಎರಡೂ ಕೈಯಿಂದ ಗಟ್ಟಿಯಾಗಿ ಹಿಡಿದು ನಿಂತಿದ್ದ, ಎಲ್ಲಿ ಕಾಲು ಕದಲಿ ಹಾಡು ಕೇಳಿಬಿಟ್ಟೀತೋ ಎಂದು. ನನ್ನ ಹಿಮ್ಮಡಿಯೂ ಕುಣಿಯಲು ತವಕಿಸುತ್ತಿತ್ತು. ಹಲ್ಲು ಕಚ್ಚಿಕೊಂಡು ನಿಂತೆ. ಮನೆಯಲ್ಲಿ ಹಗ್ಗದ ಕಿರುಗುಟ್ಟುವಿಕೆ ಬಿಟ್ಟರೆ ಏನೂ ಕೇಳುತ್ತಿರಲಿಲ್ಲ. ವೈನಿಯ ತುಟಿ ಆಡುತ್ತಿತ್ತು. ಕೂಸಿನ ಕಣ್ಣು ಅಗಲವಾಯಿತು, ಆಮೇಲೆ ಸಣ್ಣದಾಯಿತು, ಆಮೇಲೆ ಮುಚ್ಚಿತು.

ಹಾಡು ಮುಗಿಯಿತು. ವೈನಿ ರೂಢಿಯಂತೆ ತೊಟ್ಟಿಲಿಗೆ ಬಾಗಿದಳು. ಅದೇ ಪ್ರಶ್ನೆ ಬರುತ್ತದೆ ಎಂದು ನಾನೂ ಅಣ್ಣನೂ ಉಸಿರು ಹಿಡಿದು ಕಾದೆವು. ಆಕೆ ಕುಂಚಿಗೆಯ ಅಂಚು ಸರಿಮಾಡಿದಳು, ಕೂಸಿನ ಹಣೆಗೆ ಕೈ ಮುಟ್ಟಿಸಿ ತನ್ನ ಹಣೆಗೆ ನೆಟಿಗೆ ಮುರಿದಳು, ನೆಟ್ಟಗೆ ನಿಂತು ನಮ್ಮ ಕಡೆ ತಿರುಗಿದಳು.

"ಯಾಕ ಹಂಗ ನಿಂತೀರಿ?" ಎಂದಳು. "ಎಲಿ ಹಾಕ್ರಿ. ಹೊರಗ ನಿಂತಾರಲ್ಲ, ಆ ನನ್ನ ಕೂಸುಗೋಳನ್ನೂ ಒಳಗ ಕರೀರಿ."